ಎರಡು ರಿಂಗಿನ ಒಪ್ಪಂದ

ಜೂನ್ 3, ಮಂಗಳವಾರ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಫೋನ್ ಕಂಪನಿಯ ಸಂದೇಶ ಬಂತು. ‘ಪ್ರಿಯ ಗ್ರಾಹಕರೇ, ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಲು ನಮ್ಮ ನೆಟ್‌ವರ್ಕನ್ನು ಮೇಲ್ದರ್ಜೆಗೆ ಏರಿಸಿದ್ದೇವೆ.’ ನನ್ನ ಅನುಭವದ ಬಗ್ಗೆ ನಾನು ಯಾರಿಗೂ ದೂರು ಕೊಟ್ಟಿರಲಿಲ್ಲ. ಅರವತ್ತು ದಾಟಿದವನಿಗೆ ಅನುಭವ ಬೇಕಾದಷ್ಟಿರುತ್ತದೆ, ಅದನ್ನು ಉತ್ತಮಗೊಳಿಸಲು ಹೋಗಬಾರದು.

ದಿನವಿಡೀ ಬಿಡುವಿಲ್ಲದ ಕೆಲಸ. ಶಾಲೆಯೊಂದರ ಪ್ರಶಸ್ತಿ ಪತ್ರಗಳಿಗೆಲ್ಲ ಕಟ್ಟು ಹಾಕುವುದಿತ್ತು. ಮರದ ಪಟ್ಟಿ ಕೊಯ್ದು, ಮೂಲೆ ಕೂಡಿಸಿ, ಗಾಜು ಒರೆಸುವಷ್ಟರಲ್ಲಿ ಸೊಂಟ ಹಿಡಿಯಿತು.

ರಾತ್ರಿ ಎಂಟಕ್ಕೆ ಅಕ್ಕನ ಮಿಸ್ಡ್ ಕಾಲ್ ಬರಲಿಲ್ಲ. ಚಾರ್ಜ್ ಮುಗಿದಿರಬೇಕು. ನಾನೂ ಕೊಡಲಿಲ್ಲ. ಮೊದಲು ಕೊಡುವ ಸರದಿ ಅವಳದು.

ಜೂನ್ 4, ಬುಧವಾರ

ದಪ್ಪ ಮೀಸೆಯ ಗಿರಾಕಿಯೊಬ್ಬ ಅಂಗಡಿಗೆ ಬಂದು ರೇಗಾಡಿದ. ನಿನ್ನೆಯಿಂದ ಫೋನ್ ಮಾಡುತ್ತಲೇ ಇದ್ದನಂತೆ, ನಾನು ಬೇಕೆಂದೇ ಎತ್ತುತ್ತಿಲ್ಲವಂತೆ. ಫೋನ್ ತೆಗೆದು ಅವನ ಮುಖದ ಮುಂದೆ ಹಿಡಿದೆ. ಒಂದು ಕರೆಯೂ ಬಂದಿರಲಿಲ್ಲ. ನಾನೇ ಅವನಿಗೆ ಮಾಡಿ ನೋಡಿದೆ. ‘ಕರೆ ಅಂತ್ಯಗೊಂಡಿದೆ’ ಎಂದು ತೋರಿಸಿತು. ಶುರುವಾಗದೆ ಅಂತ್ಯಗೊಳ್ಳುವುದು ಹೇಗೆಂದು ಕಂಪನಿಯವರೇ ಹೇಳಬೇಕು.

ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ. ವಿಡಿಯೊ ಬರುತ್ತದೆ, ಹವಾಮಾನ ಬರುತ್ತದೆ, ಯಾರೋ ಬೆಕ್ಕಿಗೆ ಸ್ನಾನ ಮಾಡಿಸುವುದೂ ಬರುತ್ತದೆ. ಕರೆ ಮಾತ್ರ ಬರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ.

ಹಾಗಾದರೆ ನಿನ್ನೆ ಅಕ್ಕ ಮಿಸ್ಡ್ ಕಾಲ್ ಕೊಟ್ಟಿದ್ದಾಳೆ, ನನಗೆ ತಲುಪಿಲ್ಲ. ತಪ್ಪು ನನ್ನದಲ್ಲ ಎಂದು ಸಮಾಧಾನವಾಯಿತು.

ನಾಳೆ ನಾನೇ ಓದಿದರೂ ಅರ್ಥವಾಗಲಿ ಎಂದು ಬರೆದಿಡುತ್ತೇನೆ. ನಾವಿಬ್ಬರೂ ಮಾತು ಬಿಟ್ಟು ಏಳೆಂಟು ವರ್ಷವಾಯಿತು. ಅಂಗಡಿಯ ಗಲ್ಲಾದ ಮೇಲೆ ನಮ್ಮ ನಾಲ್ವರ ಫೋಟೋ ಇದೆ. ಅಪ್ಪ, ಅಮ್ಮ, ಎರಡು ಜಡೆಯ ಅಕ್ಕ, ಚಡ್ಡಿ ಹಾಕಿದ ನಾನು. ಕಟ್ಟು ಹಾಕಿ ತೂಗುಹಾಕಿದ ದಿನ ಅಕ್ಕ ಬಂದು ‘ಸೊಟ್ಟಗಿದೆ’ ಅಂದಳು. ರಸಮಟ್ಟದ ಕೋಲು ಇಟ್ಟು ತೋರಿಸಿದೆ. ಗುಳ್ಳೆ ಸರಿಯಾಗಿ ಮಧ್ಯದಲ್ಲಿ ನಿಂತಿತು. ಆದರೂ ಸೊಟ್ಟ ಅಂದಳು. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಫೋಟೋ ನೆಟ್ಟಗಿದೆ, ಅಪ್ಪ ನಿಂತಿದ್ದೇ ಸೊಟ್ಟ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಪ್ಪ ಬದುಕಿನಲ್ಲಿ ಒಂದು ದಿನವೂ ಸೊಟ್ಟ ನಿಂತವರಲ್ಲ, ನೀನಾಗಿ ಮಾತಾಡಿಸುವ ತನಕ ನಾನು ಮಾತಾಡುವುದಿಲ್ಲ ಎಂದು ಹೊರಟುಹೋದಳು. ನೀನಾಗಿ ಮಾತಾಡಿಸುವ ತನಕ ನಾನೂ ಇಲ್ಲ ಎಂದೆ.

ಆಮೇಲೊಮ್ಮೆ ಅವಳ ಊರಿನಲ್ಲಿ ಜೋರು ಗಾಳಿ ಬೀಸಿ ಮನೆಗಳ ಹಂಚು ಹಾರಿತೆಂದು ಸುದ್ದಿ ಬಂತು. ಫೋನ್ ಮಾಡಿದೆ, ಎರಡು ರಿಂಗ್ ಆಗುವಷ್ಟರಲ್ಲಿ ಸೋಲುತ್ತಿದ್ದೇನೆ ಎಂದು ನೆನಪಾಗಿ ಕತ್ತರಿಸಿದೆ. ಆ ಕಡೆಯಿಂದಲೂ ಎರಡು ರಿಂಗ್ ಬಂದು ನಿಂತಿತು. ಅಂದಿನಿಂದ ದಿನಾ ರಾತ್ರಿ ಎಂಟಕ್ಕೆ ಅವಳು ಎರಡು ರಿಂಗ್ ಕೊಡುತ್ತಾಳೆ, ನಾನು ಎರಡು ಕೊಡುತ್ತೇನೆ. ಇದ್ದೇನೆ, ಇದ್ದೇನೆ. ಯಾರೂ ಎತ್ತುವುದಿಲ್ಲ. ಎತ್ತಿದವರು ಸೋತ ಹಾಗೆ.

ಜೂನ್ 5, ಗುರುವಾರ

ಪಕ್ಕದ ಅಂಗಡಿಯ ಟೈಲರ್ ವೈದ್ಯಕ್ಕೆ ಇಳಿದ. ಅವನದು ಬೇರೆ ಕಂಪನಿಯ ಸಿಮ್, ಹಾಗಾಗಿ ಈಗ ಅವನು ಮೇಲುಜಾತಿಯವನ ಹಾಗೆ ಮಾತಾಡುತ್ತಾನೆ. ಮೊದಲು ಆಫ್ ಮಾಡಿ ಆನ್ ಮಾಡಿದ. ಆಮೇಲೆ ವಿಮಾನದ ಗುರುತು ಒತ್ತಿ, ಉಸಿರು ಬಿಗಿಹಿಡಿದು, ಮತ್ತೆ ತೆಗೆದ. ಆಮೇಲೆ ಹೊಲಿಗೆ ಸೂಜಿಯಿಂದ ಸಿಮ್ ಹೊರತೆಗೆದು ರೇಷ್ಮೆ ತುಂಡಿನಿಂದ ಒರೆಸಿದ. ಹತ್ತಿ ಬಟ್ಟೆ ಯಾಕಾಗುವುದಿಲ್ಲ ಎಂದು ಕೇಳಿದ್ದಕ್ಕೆ, ಇದು ಕಸುಬಿನ ವಿಷಯ, ನಿನಗೆ ಗೊತ್ತಾಗುವುದಿಲ್ಲ ಎಂದ.

ಪ್ರತಿಯೊಂದು ಪ್ರಯೋಗದ ನಂತರವೂ ಪರೀಕ್ಷೆ. ಅವನು ತನ್ನ ಅಂಗಡಿಯಿಂದ ನನಗೆ ಫೋನ್ ಮಾಡುವುದು, ನಾನು ಫೋನ್ ಹಿಡಿದು ಅಂಗಡಿ, ಹಿತ್ತಲು, ಮೆಟ್ಟಿಲು ಎಲ್ಲ ಸುತ್ತುವುದು. ಬಂದರೆ ತಡಮಾಡಬಾರದು, ಮೊದಲ ರಿಂಗಿಗೇ ಎತ್ತಿ ‘ಕೇಳಿಸ್ತಿದ್ಯಾ?’ ಅನ್ನಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ ಎಂದು ಅವನ ಅಪ್ಪಣೆ. ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಒಮ್ಮೆ ನಿಜಕ್ಕೂ ಬಾರಿಸಿತು. ಎತ್ತಿ “ಕೇಳಿಸ್ತಿದ್ಯಾ?” ಎಂದು ಕಿರುಚಿದೆ. “ಕೇಳಿಸ್ತಿದೆ” ಎಂದು ಉತ್ತರ ಬಂತು. ಫೋನಿನಲ್ಲಲ್ಲ, ಗೋಡೆಯ ಆಚೆಯಿಂದ.

ಎಂಟಕ್ಕೆ ಆ ತಿರುವಿನಲ್ಲೇ ಕುಳಿತಿದ್ದೆ. ಗಾಳಿ ಚೆನ್ನಾಗಿ ಬರುತ್ತದೆ ಅಂತ.

ಜೂನ್ 6, ಶುಕ್ರವಾರ

ಟೈಲರ್ ‘ನೆಟ್‌ವರ್ಕ್ ರೀಸೆಟ್’ ಎಂಬುದನ್ನು ಒತ್ತಿದ. ಫೋನ್ ತನಗೆ ಗೊತ್ತಿದ್ದ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಮರೆತು ಹಸುಗೂಸಿನ ಹಾಗೆ ನನ್ನ ಮುಖ ನೋಡಿತು. ಮರೆಯುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಕರೆ ಮಾತ್ರ ಇಲ್ಲ.

ಈ ಪರೀಕ್ಷೆಗಳಿಂದ ನನಗೆ ಕೆಟ್ಟ ಚಟ ಹಿಡಿದಿದೆ. ಮಧ್ಯಾಹ್ನ ಅಲಾರಾಂ ಹೊಡೆದಾಗ ಫೋನ್ ಕಿವಿಗಿಟ್ಟು “ಕೇಳಿಸ್ತಿದ್ಯಾ?” ಎಂದೆ. ಕಟ್ಟು ಒಯ್ಯಲು ಬಂದ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು.

ಜೂನ್ 7, ಶನಿವಾರ

ಸಹಾಯವಾಣಿಗೆ ಫೋನ್ ಮಾಡಬೇಕಾದರೆ ಫೋನ್ ಬೇಕು. ಟೈಲರನ ಫೋನಿನಿಂದ ಮಾಡಿದೆ. ಹೆಣ್ಣುದನಿಯೊಂದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಯಂತ್ರ, ಒಂದು ಒತ್ತಿ, ಎರಡು ಒತ್ತಿ ಎಂದು ಬಹಳ ಹೊತ್ತು ಆಡಿಸಿತು. ಕೊನೆಗೆ, ನಿಮ್ಮ ಸುರಕ್ಷತೆಗಾಗಿ ದಯವಿಟ್ಟು ತೊಂದರೆ ಇರುವ ನಂಬರಿನಿಂದಲೇ ಕರೆ ಮಾಡಿ ಎಂದಿತು. ಕರೆ ಹೋಗುವುದಿಲ್ಲ ಎಂಬುದೇ ತೊಂದರೆ ತಾಯಿ ಎಂದೆ. ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿ ಇಟ್ಟಿತು. ಯಂತ್ರಕ್ಕೆ ಬೈದರೆ ಪಾಪ ತಟ್ಟುವುದಿಲ್ಲ ಎಂದುಕೊಂಡು ಬೈದೆ. ಟೈಲರನ ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದವರು ಕೈ ಕೆಳಗಿಳಿಸಿದರು.

ಇಂದು ಶನಿವಾರ. ಅಕ್ಕನಿಗೆ ಮಂಡಿನೋವು ಇತ್ತಲ್ಲ ಎಂದು ಸುಮ್ಮನೆ ನೆನಪಾಯಿತು. ಎರಡನೇ ಮಹಡಿ, ಒಬ್ಬಳೇ ಇರುವುದು.

ಜೂನ್ 8, ಭಾನುವಾರ

ಟೈಲರ್ ಬಹಳ ಸರಳವಾಗಿ ಹೇಳಿದ: ನನ್ನ ಫೋನ್ ತಗೊಂಡು ನಿಮ್ಮ ಅಕ್ಕನಿಗೆ ಮಾಡು. ಅವನಿಗೇನು ಗೊತ್ತು. ಗೊತ್ತಿಲ್ಲದ ನಂಬರ್ ಅಂತ ಅಕ್ಕ ಎತ್ತಿಬಿಡುತ್ತಾಳೆ, ನಾನು ಬಾಯಿ ಬಿಡಬೇಕಾಗುತ್ತದೆ, ಏಳೆಂಟು ವರ್ಷದ ತಪಸ್ಸು ನೀರುಪಾಲು.

ಕೊನೆಗೆ ಒಂದು ಉಪಾಯ ಮಾಡಿದೆ. ನೀನೇ ಮಾಡು, ಗಂಟಲು ದೊಡ್ಡದಿರುವ ಹೆಂಗಸು ಎತ್ತಿದರೆ ರಾಂಗ್ ನಂಬರ್ ಅಂತ ಹೇಳಿ ಇಡು ಎಂದೆ. ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಮುಂದಿನ ಬಾಗಿಲಿನಲ್ಲಿ ನಿಂತು ಹಿಂದಿನ ಸೀಟಿನವನ ನಿದ್ದೆ ಕೆಡಿಸುತ್ತಿದ್ದಳು. ಗುರುತು ತಪ್ಪುವ ದನಿ ಅಲ್ಲ.

ಟೈಲರ್ ಮಾಡಿದ, ಕೇಳಿದ, ಫೋನ್ ಕೆಳಗಿಟ್ಟ. “ಸ್ವಿಚ್ ಆಫ್ ಅಂತೆ ಕಣಯ್ಯಾ.”

ಸಂಜೆ ಮತ್ತೆ ಮಾಡಿಸಿದೆ. ಸ್ವಿಚ್ ಆಫ್.

ಜೂನ್ 9, ಸೋಮವಾರ

ಸ್ವಿಚ್ ಆಫ್.

ಜೂನ್ 10, ಮಂಗಳವಾರ

ಗಾಜು ತಪ್ಪು ಅಳತೆಗೆ ಕೊಯ್ದೆ. ಒಂದಲ್ಲ, ಎರಡು. ಅಂಗೈ ಬೇರೆ ಗೀರಿಕೊಂಡಿತು. ಗಾಜು ಕೊಯ್ಯುವ ವಜ್ರದ ಮೊನೆ ಸವೆದಿದೆ, ಬದಲಾಯಿಸಬೇಕು.

ನಾಳೆ ಅಕ್ಕನ ಊರಿಗೆ ಹೋಗುತ್ತಿದ್ದೇನೆ. ಅಕ್ಕನನ್ನು ನೋಡಲು ಅಲ್ಲ. ಆ ಊರಿನ ಮರದ ಮಂಡಿಯಲ್ಲಿ ಕಟ್ಟಿನ ಪಟ್ಟಿಗಳು ಚೆನ್ನಾಗಿರುತ್ತವೆ ಎಂದು ಹಿಂದೆ ಯಾರೋ ಹೇಳಿದ್ದರು. ಟೈಲರ್ ನಗಲಿಲ್ಲ. ಅದಕ್ಕೇ ಸಿಟ್ಟು ಬಂತು.

ಜೂನ್ 11, ಬುಧವಾರ

ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿ. ಮರದ ಮಂಡಿ ದಾರಿಯಲ್ಲೇ ಸಿಕ್ಕಿತು, ಬಸ್ಸಿನ ಕಿಟಕಿಯಿಂದ ನೋಡಿದೆ, ಇಳಿಯಲು ಆಗಲಿಲ್ಲ.

ಅಕ್ಕನ ಬೀದಿಗೆ ಬಹಳ ನಿಧಾನವಾಗಿ ನಡೆದೆ. ಕೂತು ಬಂದದ್ದರಿಂದ ಹಾಗಾಯಿತು. ಮೂಲೆಯಲ್ಲಿ ಬಟ್ಟೆ ಒಗೆಯುವ ಅಂಗಡಿ, ಅದರ ಮುಂದೆ ಒಂದು ಬಿಳಿ ವ್ಯಾನು ನಿಂತಿತ್ತು. ವ್ಯಾನಿನ ಹಿಂದೆ ನಿಂತು ಮೇಲೆ ನೋಡಿದೆ. ಬಾಲ್ಕನಿ ಖಾಲಿ. ಹಗ್ಗದ ಮೇಲೆ ಬಟ್ಟೆಯಿಲ್ಲ. ಬಾಗಿಲು ಮುಚ್ಚಿತ್ತು. ಆ ಹೊತ್ತು ನನಗೆ ಏನೇನು ಹೊಳೆಯಿತು ಎಂದು ಬರೆಯಲಾರೆ.

ಆಮೇಲೆ ಬಾಗಿಲು ತೆರೆಯಿತು. ಅಕ್ಕ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಹೊಸ ಫೋನು, ಹಿಂದಿನ ಗುಂಡಿಯದಲ್ಲ, ಉಜ್ಜುವಂಥದ್ದು. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು, ತುದಿಗಾಲಿನಲ್ಲಿ ನಿಂತಳು. ಬಸ್ಸಿಗೆ ರೈಟ್ ಹೇಳುವಾಗ ಕೈ ಎತ್ತುತ್ತಿದ್ದ ಹಾಗೆಯೇ. ಅವಳಿಗೂ ಸಿಗ್ನಲ್ ಇಲ್ಲ. ಮೇಲ್ದರ್ಜೆಗೆ ಏರಿಸುವಾಗ ಅಕ್ಕತಮ್ಮಂದಿರನ್ನು ಒಟ್ಟಿಗೇ ಕೆಳಗೆ ಬೀಳಿಸಿದ್ದಾರೆ.

ನಗು ಬಂತು. ಕಣ್ಣಲ್ಲಿ ನೀರೂ ಬಂತು, ವ್ಯಾನಿನ ಹೊಗೆಗೆ.

ಮೇಲೆ ಹೋಗಲಿಲ್ಲ. ಹೋದರೆ ಅವಳು ಗೆದ್ದ ಹಾಗೆ. ಅವಳು ಒಳಗೆ ಹೋಗುವವರೆಗೆ ನಿಂತಿದ್ದು ಮುಂದಿನ ಬಸ್ಸಿಗೆ ವಾಪಸು ಬಂದೆ. ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಬಂತು.

ಟೈಲರ್ ಮರ ಸಿಕ್ಕಿತಾ ಎಂದು ಕೇಳಿದ. ಗಟ್ಟಿಮುಟ್ಟಾಗಿದೆ ಎಂದೆ.

ಜೂನ್ 12, ಗುರುವಾರ

ಕಂಪನಿಯ ಕಚೇರಿಗೆ ಹೋದೆ. ಮೊದಲ ದಿನವೇ ಹೋಗಬೇಕಿತ್ತು ಎಂದು ಟೈಲರ್ ಹೇಳಿದ. ಒಂದು ವಾರ ಸೂಜಿ ಹಿಡಿದು ಕೂತಿದ್ದವನು ಅವನೇ.

ಗಾಜಿನ ಬಾಗಿಲು, ಮೈ ಕೊರೆಯುವ ತಂಪು, ಟೋಕನ್. ನನ್ನ ಹಾಗೆಯೇ ಕರೆ ಕಳೆದುಕೊಂಡವರು ಸಾಲಾಗಿ ಕುಳಿತಿದ್ದರು. ಎಲ್ಲರ ಮುಖವೂ ಆಸ್ಪತ್ರೆಯಲ್ಲಿ ಕುಳಿತವರ ಹಾಗಿತ್ತು. ಕೌಂಟರಿನ ಮೇಡಂ ನನ್ನ ವಯಸ್ಸಿನ ಹತ್ತಿರದವರು, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಅಲ್ಲಿದೆ ಎಂದು ತೋರಿಸಿದೆ. ಅಲ್ಲಿಂದ ನಮ್ಮ ನಡುವೆ ವಿಶ್ವಾಸ ಬೆಳೆಯಿತು.

ಅವರು ಬಿಡಿಸಿ ಹೇಳಿದ್ದು ಇಷ್ಟು: ಮೊದಲು ಕರೆಗೆ ಬೇರೆ ದಾರಿ, ಇಂಟರ್ನೆಟ್ಟಿಗೆ ಬೇರೆ ದಾರಿ ಇತ್ತು. ಹಳೆಯ ದಾರಿ ಮುಚ್ಚಿದ್ದಾರೆ. ಈಗ ಕರೆಯೂ ಹೊಸ ದಾರಿಯಲ್ಲೇ ಬರಬೇಕು. ನನ್ನ ಫೋನ್ ಮಾತ್ರ ಮುಚ್ಚಿದ ಬಾಗಿಲಿನ ಮುಂದೆಯೇ ಕಾಯುತ್ತಾ ನಿಂತಿತ್ತು.

“ಈ ಕಡೆ ಒಂದು ಗುಂಡಿ ಇದೆ ನೋಡಿ ಸರ್, ಇದನ್ನ ಆನ್ ಮಾಡಿದ್ರೆ ಆಯ್ತು,” ಎಂದರು. “ನೀವು ಮಾಡ್ದೆ ಅದು ತಾನಾಗಿ ಆಗಲ್ಲ.”

ಸಿಮ್ ಕೂಡ ಹಳೆಯದೆಂದು ಹೊಸದು ಹಾಕಿದರು, ಫೋನಿಗೆ ಅಪ್‌ಡೇಟ್ ಮಾಡಿಸಿದರು, ಗುಂಡಿ ಆನ್ ಮಾಡಿದರು. ಇಷ್ಟೇ. ಹೊಸ ಸಿಮ್ಮಿಗೆ ಜೀವ ಬರಲು ಸಂಜೆಯಾಗುತ್ತದೆ ಎಂದರು. ನಮ್ಮಕ್ಕನದೂ ಇದೇ ಕಂಪನಿ, ಬೇರೆ ಊರು ಎಂದೆ. ಅವರಿಗೂ ಫೋನ್ ಮಾಡಿ ಇದನ್ನೇ ಹೇಳಿ ಸರ್ ಎಂದರು. ನಾನು ಗಡಿಯಾರ ನೋಡಿದೆ.

ಸಂಜೆ ಟೈಲರ್ ಪರೀಕ್ಷೆಗೆ ಕುಳಿತ. ಏಳೂವರೆಯಿಂದ ಶುರು. ಒಂದೂ ಬರಲಿಲ್ಲ. ಎಂಟಾಗುತ್ತಾ ಬಂದಾಗ, ಇನ್ನೊಂದು ಸಲ ಮಾಡುತ್ತೇನೆ ಎಂದು ಗೋಡೆಯ ಆಚೆಯಿಂದ ಕೂಗಿದ.

ಬಾರಿಸಿತು. ಮೊದಲ ರಿಂಗ್ ಮುಗಿಯುವ ಮೊದಲೇ ಎತ್ತಿ, ಅಂಗಡಿ ನಡುಗುವ ಹಾಗೆ ಕೂಗಿದೆ.

“ಕೇಳಿಸ್ತಿದ್ಯಾ?”

ಉತ್ತರ ಬರಲಿಲ್ಲ. ಗೋಡೆಯ ಆಚೆಯಿಂದಲೂ ಬರಲಿಲ್ಲ. ಫೋನಿನಲ್ಲಿ ಯಾರೋ ಉಸಿರಾಡುವುದು ಪಕ್ಕದಲ್ಲೇ ಇದ್ದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ನಲ್ಲಿಯಿಂದ ಹನಿ ಬೀಳುವುದೂ ಕೇಳುತ್ತಿತ್ತು. ಹೆಸರು ನೋಡಲು ಫೋನನ್ನು ಕಿವಿಯಿಂದ ತೆಗೆದೆ. ನೋಡುವ ಅಗತ್ಯವಿರಲಿಲ್ಲ, ಅಷ್ಟರಲ್ಲಿ ಆ ದನಿ ಬಂತು.

“ನೀನೇ ಮೊದಲು ಮಾತಾಡ್ದೆ.”

ನಾನು ಬಿಟ್ಟುಕೊಡುವವನಲ್ಲ. “ಅದು ಮಾತಲ್ಲ. ಟೆಸ್ಟಿಂಗು.”

“ಓಹೋ.”

“ಟೈಲರ್ ಅಂತ ಎತ್ತಿದ್ದು.”

“ಸರಿ ಹಾಗಾದ್ರೆ. ಟೆಸ್ಟಿಂಗ್ ಮಾಡು, ನಾನೇನು ಬೇಡ ಅಂದ್ನಾ?”

ಮಾಡಿದೆ. ನಿನಗೆ ಗುಂಡಿ ಯಾರು ಆನ್ ಮಾಡಿಕೊಟ್ಟರು ಎಂದು ಕೇಳಿದೆ. ಅವಳ ಗುಂಡಿ ಫೋನ್ ಹೊಸ ನೆಟ್‌ವರ್ಕಿಗೆ ಬರಲೇ ಇಲ್ಲವಂತೆ, ಹೊಸ ಫೋನ್ ತೆಗೆದುಕೊಂಡಳಂತೆ, ಅದೂ ಕೈಕೊಟ್ಟು ಇವತ್ತೇ ಅವರ ಊರಿನ ಕಚೇರಿಯಲ್ಲಿ ಎಲ್ಲರೂ ಏಳುವ ಹಾಗೆ ಜಗಳವಾಡಿ ಸರಿಮಾಡಿಸಿದಳಂತೆ. ಇವತ್ತೂ ಎರಡೇ ರಿಂಗ್ ಕೊಟ್ಟು ಕತ್ತರಿಸುವವಳಿದ್ದಳಂತೆ, ನಾನು ಒಂದಕ್ಕೇ ಎತ್ತಿಬಿಟ್ಟೆನಂತೆ. ಮಂಡಿ ಹೇಗಿದೆ ಎಂದು ಕೇಳಿದೆ. ಮಂಡಿ ಇದೆ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಹೊಸ ನೆಟ್‌ವರ್ಕಿನಲ್ಲಿ ಸುಮ್ಮನಿರುವುದೂ ಚೆನ್ನಾಗಿ ಕೇಳುತ್ತದೆ.

ಆಮೇಲೆ ಕೇಳಿದಳು. “ನಿನ್ನೆ ವ್ಯಾನಿನ ಹಿಂದೆ ನಿಂತಿದ್ದೆಯಲ್ಲ, ಮೇಲೆ ಬರೋಕೆ ಏನಾಗಿತ್ತು ನಿನಗೆ?”

“ಮರ ನೋಡೋಕೆ ಬಂದಿದ್ದೆ.”

“ನಮ್ಮ ಬೀದಿಯಲ್ಲಿ ಮರ ಎಲ್ಲಿದೆಯೋ? ಬರ್ತೀಯ ಅಂತ ಎರಡು ಲೋಟ ಕಾಫಿ ಮಾಡಿಟ್ಟಿದ್ದೆ. ಎರಡನ್ನೂ ನಾನೇ ಕುಡಿದೆ.”

ಬೇಜಾರಾಯಿತು, ಬಹಳ ಬೇಜಾರಾಯಿತು. ಆ ಮೆಟ್ಟಿಲು ಹತ್ತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು. ಅಷ್ಟರಲ್ಲಿ ಟೈಲರ್ ಒಳಗೆ ನುಗ್ಗಿ, ಎಂಗೇಜ್ ಬರ್ತಿದೆ, ಸರಿಹೋಯ್ತು ಎಂದು ಕುಣಿದ. ಕೈಸನ್ನೆ ಮಾಡಿ ಆಚೆ ಕಳಿಸಿದೆ.

ಜೂನ್ 13, ಶುಕ್ರವಾರ

ಇವತ್ತೂ ಎಂಟಕ್ಕೆ ಟೆಸ್ಟಿಂಗ್ ಮಾಡಿದೆವು. ಹೊಸ ನೆಟ್‌ವರ್ಕನ್ನು ಒಂದೇ ದಿನದಲ್ಲಿ ನಂಬಲು ಆಗುವುದಿಲ್ಲ. ಒಂಬತ್ತೂವರೆಯವರೆಗೂ ಎಲ್ಲಿಯೂ ಕಡಿದುಹೋಗಲಿಲ್ಲ. ಭಾನುವಾರ ಬರುತ್ತಾಳಂತೆ. ನನ್ನನ್ನು ನೋಡಲು ಅಲ್ಲವಂತೆ, ಅಂಗಡಿ ಹೇಗಿದೆ ಎಂದು ನೋಡಲು.

ಜೂನ್ 14, ಶನಿವಾರ

ಅಂಗಡಿಗೆ ಧೂಳು ಹೊಡೆದೆ. ಗಲ್ಲಾದ ಮೇಲಿನ ಫೋಟೋವನ್ನೂ ಇಳಿಸಿ ಒರೆಸಿದೆ. ವಾಪಸು ಹಾಕುವಾಗ ಎಡ ಮೂಲೆ ಉಗುರಿನಷ್ಟು ಕೆಳಗೆ ಸರಿಯಿತು. ಹಾಗೆ ನೋಡಿದರೆ ಅಪ್ಪ ನೆಟ್ಟಗೆ ನಿಂತ ಹಾಗೆ ಕಾಣುತ್ತಾರೆ. ರಸಮಟ್ಟದ ಕೋಲು ಎಲ್ಲಿಟ್ಟಿದ್ದೇನೋ, ಹುಡುಕಲು ಹೋಗಲಿಲ್ಲ.

ಜೂನ್ 15, ಭಾನುವಾರ

ಅಕ್ಕ ಬಂದಳು. ಮೊದಲು ಟೈಲರನ ಅಂಗಡಿಗೆ ಹೋಗಿ, ರಾಂಗ್ ನಂಬರ್ ನೀವೇನಾ ಎಂದು ಕೇಳಿದಳಂತೆ. ಫೋನಿನಲ್ಲಿ ಬಾಯಿತಪ್ಪಿ ಆ ಉಪಾಯವನ್ನೂ ಹೇಳಿಬಿಟ್ಟಿದ್ದೆ.

ಒಳಗೆ ಬಂದವಳು ಫೋಟೋ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. ನಾನು ಇಲ್ಲದ ಕೆಲಸವೊಂದನ್ನು ಮಾಡುತ್ತಿರುವ ಹಾಗೆ ಮೊಳೆಗಳನ್ನು ಡಬ್ಬಿಯಿಂದ ಡಬ್ಬಿಗೆ ಹಾಕುತ್ತಿದ್ದೆ. ಅವಳು ಸ್ಟೂಲ್ ಎಳೆದು, ಮಂಡಿಯನ್ನು ಬೈದುಕೊಳ್ಳುತ್ತಾ ಹತ್ತಿ, ಬೆರಳಿನಿಂದ ಎಡ ಮೂಲೆಯನ್ನು ಮೇಲಕ್ಕೆ ತಳ್ಳಿದಳು.

“ಕಟ್ಟು ಹಾಕೋನ ಅಂಗಡಿಯಲ್ಲೇ ಸೊಟ್ಟ ಇದ್ರೆ ಯಾರೋ ಬರ್ತಾರೆ? ಅಪ್ಪ ಸ್ವಲ್ಪ ಸೊಟ್ಟ ನಿಂತಿದ್ದಾರೆ, ನಿಂತ್ಕೊಳ್ಳಲಿ ಬಿಡು.”

ನಾನು ಒಪ್ಪಲಿಲ್ಲ. ಸ್ಟೂಲಿನ ಇನ್ನೊಂದು ಬದಿಗೆ ಹೋಗಿ ಮತ್ತೆ ಕೆಳಗೆ ಎಳೆದೆ. ಅಪ್ಪ ನೆಟ್ಟಗಿರಲಿ, ಗಿರಾಕಿ ಹಾಳಾಗಿ ಹೋಗಲಿ ಎಂದೆ. ಅವಳು ಮೇಲೆ ತಳ್ಳಿದಳು. ನಾನು ಎಳೆದೆ. ಅಂಗಡಿ ನಡೆಸೋಕೆ ಬರಲ್ಲ ನಿನಗೆ ಎಂದಳು. ನನ್ನ ಅಂಗಡಿ, ನನ್ನ ಅಪ್ಪ ಎಂದೆ. ನನಗೇನು ಪಕ್ಕದ ಮನೆಯವರಾ ಎಂದು ಅವಳು ಎತ್ತಿದ ದನಿಗೆ ಬೀದಿಯ ಆಚೆಬದಿಯವರೂ ನಿಂತರು. ಟೈಲರ್ ಬಾಗಿಲಲ್ಲಿ ಇಣುಕಿ, ತಲೆಗೆ ಕೈ ಹಚ್ಚಿಕೊಂಡು ಹಿಂದಿರುಗಿದ.

ನಿನ್ನ ಹತ್ತಿರ ಮಾತಾಡುವುದೇ ಬೇಡ ಎಂದು ಸಂಜೆ ನಾಲ್ಕರ ಬಸ್ಸಿಗೆ ಹೊರಟಳು. ನಾನೇನು ಕರೆದಿದ್ದೆನಾ ಎಂದೆ. ಬ್ಯಾಗು ಮಾತ್ರ ಬಸ್ ನಿಲ್ದಾಣದವರೆಗೆ ನಾನೇ ಹಿಡಿದುಕೊಂಡು ಹೋದೆ, ಅವಳ ಮಂಡಿಯ ಸಲುವಾಗಿ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಬಸ್ಸು ಹೊರಡುವಾಗ ಅವಳೇ ರೈಟ್ ಎಂದಳು, ಕಂಡಕ್ಟರ್ ತಿರುಗಿ ನೋಡಿದ.

ಫೋಟೋ ಈಗ ಯಾವ ಕಡೆ ವಾಲಿದೆ ಎಂದು ನನಗೇ ತಿಳಿಯುತ್ತಿಲ್ಲ.

ಎಂಟಕ್ಕೆ ಫೋನ್ ಬಾರಿಸಿತು. ಒಂದು. ಎರಡು. ಕೈ ಕಟ್ಟಿಕೊಂಡು ನೋಡುತ್ತಾ ಕುಳಿತೆ, ಇನ್ನು ನಿಲ್ಲುತ್ತದೆ ಎಂದು. ಮೂರನೆಯದೂ ಬಾರಿಸಿತು.

ಎತ್ತಿದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತಂತೆ.